ಕನ್ನಂಬಾಡಿ ಕಟ್ಟೆಯ ತೂಬುಗಳೂ ನೀರು ಬಿಡುವ ಕಟ್ಟಳೆಗಳೂ

ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದ ಮಹನೀಯರ ವಿಚಾರವಾಗಿ ನಮ್ಮಲ್ಲಿ ಬಹುಮಂದಿ ಬರೆದಿದ್ದಾರೆ. ಶಾಲೆಯ ಮಕ್ಕಳೂ ಅದನ್ನು ಬಲ್ಲರು. ಆದರೆ ಕಟ್ಟಿ ನಿಲ್ಲಿಸಿದ ಆ ನೀರನ್ನು ಯಾವ ದಿನ, ಯಾವ ತೂಬಿನಿಂದ, ಎಷ್ಟು, ಯಾರಿಗಾಗಿ ಬಿಡಬೇಕೆಂಬ ನಿರ್ಣಯವು ಹೇಗೆ ಆಗುತ್ತ ಬಂದಿತೆಂಬುದನ್ನು ವಿಚಾರಿಸಿದವರು ಅಷ್ಟಾಗಿ ಕಂಡುಬರುವುದಿಲ್ಲ. ಮಂಡ್ಯದ ಸೀಮೆಯ ಮನೆಗಳಲ್ಲಿ ಮಳೆಗಾಲದ ಬೆಳಿಗ್ಗೆ ವೃತ್ತಪತ್ರಿಕೆಯನ್ನು ಬಿಡಿಸಿದೊಡನೆ ಮೊದಲು ಕಣ್ಣು ಹೋಗುವುದು ಕಟ್ಟೆಯ ಮಟ್ಟವನ್ನು ಮುದ್ರಿಸಿರುವ ಮೂಲೆಗೆ. ಇಂದಿನ ಮಟ್ಟ ಇಷ್ಟಡಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂಬ ಮೂರು ಅಂಕಿಗಳಲ್ಲಿ ಮೊದಲನೆಯದನ್ನು ನೋಡಿ ಹಿಗ್ಗುವವರೂ ಕುಗ್ಗುವವರೂ ಉಂಟು. ಎರಡನೆಯದು ದೈವಾಧೀನವಾದುದು. ಮೂರನೆಯದು ಮಾತ್ರ ಮನುಷ್ಯನ ಕೈಯಲ್ಲಿರತಕ್ಕದ್ದು. ನಮ್ಮ ಕಾಲದ ಜಗಳವೆಲ್ಲವೂ ಆ ಮೂರನೆಯ ಅಂಕಿಯದು. ಈ ಲೇಖನವು ಅದರ ಚರಿತ್ರೆಯನ್ನು ಕುರಿತದ್ದು.

ನಮ್ಮ ಪೂರ್ವಿಕರಿಗೆ ಈ ಪ್ರಶ್ನೆಯು ಈ ರೂಪದಲ್ಲಿ ಎದುರಾಗಲಿಲ್ಲ. ಕಾವೇರಿಗೆ ಅವರು ಕಟ್ಟಿದುದು ಅಣೆಗಳನ್ನು. ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರಿನೊಡನೆ ಸೇರಿಬಂದಿರುವ ಬಂಗಾರದೊಡ್ಡಿಯ ಅಣೆಯಾಗಲಿ, ಚಿಕ್ಕದೇವರಾಜಸಾಗರದ ನಾಲೆಗೂ ವಿರಿಜಾ ನಾಲೆಗೂ ನೀರೊದಗಿಸುವ ಅಣೆಗಳಾಗಲಿ ಹೊಳೆಯ ನೀರನ್ನು ಕೆಲವು ಅಡಿ ಎತ್ತರಿಸಿ ಪಕ್ಕದ ಕಾಲುವೆಗೆ ತಿರುಗಿಸತಕ್ಕವು. ಮಿಕ್ಕುದು ಅಣೆಯ ಮೇಲೆ ಹಾರಿ ತನ್ನ ದಾರಿ ಹಿಡಿಯುವುದು. ಅಣೆಯು ನೀರನ್ನು ಹಂಚಬಲ್ಲುದು, ಕೂಡಿಡಲಾರದು. ಕೂಡಿಡತಕ್ಕದ್ದು ಕೆರೆ. ಕೆರೆಯ ವ್ಯವಹಾರವಾದರೂ ಸರಳವಾದುದು: ತುಂಬಿದರೆ ಕೋಡಿ ತಾನಾಗಿ ಬೀಳುವುದು, ಗದ್ದೆಗೆ ಬೇಕಾದಾಗ ನೀರಗಂಟಿಯು ತೂಬನ್ನು ತೆಗೆಯುವನು, ಕೆರೆಯ ಏರಿಯ ಹಿಂದೆ ನಿಂತ ನೀರಿನ ವಿಚಾರದಲ್ಲಿ ನ್ಯಾಯ ಹೇಳಲು ಊರಿನ ಹತ್ತು ಜನ ಹಿರಿಯರು ಸಾಕು. ಅಣೆಯ ಹೊಳೆಯನ್ನೇ ಕೆರೆಯನ್ನಾಗಿ ಮಾಡಿದಾಗ, ಏರಿಯ ಕೆಳಗಿನ ಊರು ಒಂದಲ್ಲ, ಕಡಲಿನವರೆಗೆ ಇರುವ ಊರುಗಳೆಲ್ಲವೂ ಆಗುತ್ತವೆ. ಆಗ ನೀರಗಂಟಿಗೆ ನ್ಯಾಯ ಹೇಳುವವರು ಯಾರು?

ವಿಚಿತ್ರವೇನೆಂದರೆ, ಕನ್ನಂಬಾಡಿಯಲ್ಲಿ ಹೊಳೆಯನ್ನು ಕೆರೆಮಾಡಬೇಕೆಂಬ ಅವಸರವು ಹುಟ್ಟಿದುದು ಗದ್ದೆಗಳಿಂದ ಮಾತ್ರವಲ್ಲ, ಚಿನ್ನದ ಗಣಿಯಿಂದ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, ೯೨ ಮೈಲಿ ದೂರದ ಕೋಲಾರದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದುದು ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ. ಗಣಿಯ ಯಂತ್ರಗಳಿಗೆ ಆಷಾಢವೂ ಒಂದೇ, ಚೈತ್ರವೂ ಒಂದೇ. ಕಾವೇರಿಗೆ ಹಾಗಲ್ಲ. ಮಳೆಗಾಲದಲ್ಲಿ ದಡ ಮೀರಿ ಹರಿಯುವ ನದಿಯು ಬೇಸಗೆಯಲ್ಲಿ ಬಂಡೆಗಳ ನಡುವೆ ಸಣ್ಣ ಸೀಳಾಗಿ ಇಳಿಯುವುದು. ಹೆಚ್ಚು ವಿದ್ಯುತ್ತನ್ನು ಮಾರಬೇಕಾದರೆ ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಹದವಾಗಿ ಬಿಡದೆ ಗತ್ಯಂತರವಿರಲಿಲ್ಲ. ೧೯೦೯ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಈ ಅವಶ್ಯಕತೆಯನ್ನು ಹಿಡಿದುಕೊಂಡು, ಅದಕ್ಕೆ ವ್ಯವಸಾಯದ ಪ್ರಯೋಜನವನ್ನೂ ಜೋಡಿಸಿ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಎಡೆಯ ಕೆಳಗೆ ೧೨೪ ಅಡಿ ನೀರು ನಿಲ್ಲುವ ಕಟ್ಟೆಯ ಯೋಜನೆಯನ್ನು ಮುಂದಿಟ್ಟರು. ಈ ಎರಡು ಪ್ರಯೋಜನಗಳು ಅಣ್ಣತಮ್ಮಂದಿರಂತೆ ಒಂದೇ ಮನೆಯಲ್ಲಿ ಹುಟ್ಟಿದರೂ ಸ್ವಭಾವದಲ್ಲಿ ಬೇರೆ ಬೇರೆ. ವಿದ್ಯುತ್ತಿಗೆ ವರ್ಷವೆಲ್ಲ ಒಂದೇ ಸಮನಾದ ಹರಿವು ಬೇಕು. ಬತ್ತಕ್ಕೆ ಕೆಲವು ತಿಂಗಳು ರಾಶಿಯಾಗಿ ಬೇಕು, ಕೊಯ್ಲಿನ ಹೊತ್ತಿಗೆ ಬೇಡವೇ ಬೇಡ. ಒಂದೇ ವ್ಯತ್ಯಾಸವೆಂದರೆ, ಯಂತ್ರದ ಚಕ್ರವನ್ನು ತಿರುಗಿಸಿದ ನೀರು ಮತ್ತೆ ಹೊಳೆಗೆ ಬಂದು ಕೆಳಗಿನವರಿಗೆ ಸಲ್ಲುವುದು. ಗದ್ದೆಗೆ ಹೋದ ನೀರಿನ ಬಹುಭಾಗವು ಹಿಂದಿರುಗುವುದಿಲ್ಲ.

ಕೆಳಗಿನವರೆಂದರೆ ಆಗಿನ ಮದರಾಸು ಪ್ರಾಂತ್ಯದವರು. ತಂಜಾವೂರಿನ ಬಯಲುಸೀಮೆಯಲ್ಲಿ ಕರಿಕಾಲ ಚೋಳನ ಹೆಸರಿನ ಕಲ್ಲಣೆಯ ಕಾಲದಿಂದಲೂ ಕಾವೇರಿಯ ನೀರಿನಿಂದ ಬೆಳೆಯುತ್ತಿದ್ದ ವಿಸ್ತಾರವಾದ ಬತ್ತದ ಭೂಮಿ ಇದ್ದಿತು. ೧೮೯೨ರಲ್ಲಿಯೇ ಮೈಸೂರಿಗೂ ಮದರಾಸಿಗೂ ಒಂದು ಒಡಂಬಡಿಕೆಯಾಗಿ, ಮೇಲಿನ ಸಂಸ್ಥಾನವು ಮುಖ್ಯ ನದಿಗಳ ಮೇಲೆ ಹೊಸ ಜಲಾಶಯಗಳನ್ನು ಕಟ್ಟಬೇಕಾದರೆ ಕೆಳಗಿನ ಸರ್ಕಾರದ ಸಮ್ಮತಿಯನ್ನು ಪಡೆಯಬೇಕೆಂದು ಗೊತ್ತಾಗಿದ್ದಿತು. ೧೯೧೦ರಲ್ಲಿ ಮೈಸೂರು ೪೧.೫ ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯಕ್ಕೆ ಸಮ್ಮತಿಯನ್ನು ಕೇಳಿದಾಗ ಮದರಾಸು ಒಪ್ಪಲಿಲ್ಲ. ಅವರ ಕಣ್ಣು ಮೆಟ್ಟೂರಿನಲ್ಲಿ ತಾವೇ ಕಟ್ಟಬೇಕೆಂದಿದ್ದ ಇನ್ನೂ ದೊಡ್ಡ ಜಲಾಶಯದ ಮೇಲೆ ಇದ್ದಿತು. ಇಲ್ಲಿ ಅಳತೆಯ ಮಾತನ್ನು ಬಿಡಿಸಿ ಹೇಳುವುದು ಮೇಲು. ನೂರು ಕೋಟಿ ಘನ ಅಡಿಗೆ ಒಂದು ಟಿ.ಎಂ.ಸಿ. ಎಂದು ಹೆಸರು, ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಅದು ಒಂದು ಕ್ಯೂಸೆಕ್. ಇವೆರಡರ ಸಂಬಂಧವನ್ನು ಮುಂದೆ ಹೇಳುವೆವು. ಇಂಡಿಯಾ ಸರ್ಕಾರವು ಮಧ್ಯೆ ಬಂದು, ಸದ್ಯಕ್ಕೆ ೧೧ ಟಿ.ಎಂ.ಸಿ.ಯಷ್ಟನ್ನು ಮಾತ್ರ ಹಿಡಿಯುವ ಕಟ್ಟೆಗೆ ಅನುಮತಿಯಿತ್ತಿತು. ೧೯೧೧ರ ನವೆಂಬರಿನಲ್ಲಿ ಕೆಲಸವು ಪ್ರಾರಂಭವಾಯಿತು. ಅಡಿಪಾಯವನ್ನು ಮಾತ್ರ ಪೂರ್ಣ ಎತ್ತರದ ಕಟ್ಟೆಗೆ ತಕ್ಕಷ್ಟು ಅಗಲವಾಗಿಯೇ ಹಾಕಿದರು. ಹೀಗೆ ಅಗಲವಾಗಿ ಹಾಕಿದುದು ಮುಂದಿನ ಹಕ್ಕಿಗೆ ಆಧಾರವಾಗಕೂಡದೆಂಬ ನಿಬಂಧನೆಯ ಮೇಲೆ, ಮೈಸೂರಿನ ಸ್ವಂತ ಹೊಣೆಯಲ್ಲಿ ನಡೆದ ಕೆಲಸ ಅದು. ಕಲ್ಲಿಗಿಂತ ಮೊದಲು ಕಾಗದದ ಮೇಲೆ ಸೋತರೆ ಅಷ್ಟು ಹಣವೂ ಮಣ್ಣುಪಾಲಾಗುತ್ತಿದ್ದಿತು. ಅಂಥ ಧೈರ್ಯವನ್ನು ಈಗ ಕೊಂಡಾಡುವುದು ಸುಲಭ. ಸಂಸ್ಥಾನದ ಬೊಕ್ಕಸವನ್ನು ಕಾಯುತ್ತಿದ್ದವರಿಗೆ ಆಗ ನಿದ್ರೆ ಬರುತ್ತಿದ್ದಿತೋ ಇಲ್ಲವೋ.

ವಿವಾದವು ಮಧ್ಯಸ್ಥಿಕೆಗೆ ಹೋಯಿತು. ಅಲಹಾಬಾದಿನ ಹೈಕೋರ್ಟಿನ ನ್ಯಾಯಾಧೀಶರಾದ ಸರ್ ಎಚ್. ಡಿ. ಗ್ರಿಫಿನ್ ಅವರು ನ್ಯಾಯದರ್ಶಿಗಳು. ನೀರಾವರಿಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ನೆದರ್‌ಸೋಲ್ ಅವರು ತಾಂತ್ರಿಕ ಸಹಾಯಕರು. ೧೯೧೩ರ ಜುಲೈನಲ್ಲಿ ವಿಚಾರಣೆ ಮೊದಲಾಗಿ, ೧೯೧೪ರ ಮೇ ತಿಂಗಳಲ್ಲಿ ತೀರ್ಪು ಹೊರಬಿದ್ದಿತು. ಮೈಸೂರು ಕಟ್ಟೆಯನ್ನು ಕಟ್ಟಬಹುದು, ಆದರೆ ನೀರು ಹಿಡಿಯುವುದಕ್ಕೆ ನಿಯಮವಿರಬೇಕೆಂಬುದು ಅದರ ಸಾರ. ಇಂಡಿಯಾ ಸರ್ಕಾರವು ೧೯೧೬ರಲ್ಲಿ ಅದನ್ನು ಸ್ಥಿರಪಡಿಸಿತು; ಮದರಾಸು ಲಂಡನ್ನಿನವರೆಗೆ ದೂರು ಒಯ್ದು, ೧೯೧೯ರಲ್ಲಿ ತೀರ್ಪು ನಿಲ್ಲದೆ ಹೋಯಿತು. ಈ ಅವಧಿಯ ಪತ್ರವ್ಯವಹಾರವನ್ನು ವಿಸ್ತರಿಸಿ ವಾಚಕರನ್ನು ಬಳಲಿಸುವುದಿಲ್ಲ. ಗಮನಿಸಬೇಕಾದುದು ಒಂದೇ: ವಕೀಲರು ಬಿಡಿಸಲಾರದ ಗಂಟನ್ನು ಎಂಜಿನಿಯರರು ಬಿಡಿಸಿದರು. ೧೯೨೧ರ ಜುಲೈನಲ್ಲಿ ಎರಡು ಕಡೆಯ ಮುಖ್ಯ ಎಂಜಿನಿಯರರೂ ಕೂಡಿ ನೀರನ್ನು ಹಿಡಿಯುವ ಮತ್ತು ಬಿಡುವ ಕಟ್ಟಳೆಗಳನ್ನು ಒಪ್ಪಿಕೊಂಡ ಮೇಲೆಯೇ, ಎ. ಆರ್. ಬ್ಯಾನರ್ಜಿಯವರು ದಿವಾನರಾಗಿದ್ದಾಗ, ೧೯೨೪ರ ಫೆಬ್ರುವರಿ ೧೮ರಂದು ಒಡಂಬಡಿಕೆಗೆ ರುಜುವಾಯಿತು. ಅದರ ಪ್ರಕಾರ ಮೈಸೂರು ನದೀತಳದಿಂದ ೧೨೪ ಅಡಿಯವರೆಗೆ, ಉಪಯೋಗಕ್ಕೆ ಬರುವ ೪೪.೮೨೭ ಟಿ.ಎಂ.ಸಿ. ನೀರನ್ನು ಹಿಡಿಯಬಹುದು, ಹೊಸದಾಗಿ ೧,೨೫,೦೦೦ ಎಕರೆಗೆ ನೀರು ಕೊಡಬಹುದು. ಮದರಾಸು ಮೆಟ್ಟೂರಿನಲ್ಲಿ ೯೩.೫ ಟಿ.ಎಂ.ಸಿ. ಜಲಾಶಯವನ್ನು ಕಟ್ಟಿ ೩,೦೧,೦೦೦ ಎಕರೆ ಹೊಸ ಸಾಗುವಳಿಯನ್ನು ಮಾಡಬಹುದು. ಐವತ್ತು ವರ್ಷಗಳಾದ ಮೇಲೆ ಕೆಲವು ಷರತ್ತುಗಳನ್ನು ಮತ್ತೆ ವಿಚಾರಮಾಡಬಹುದು.

ಒಡಂಬಡಿಕೆಯ ಮಾತು ಬಂದಾಗಲೆಲ್ಲ ನಮ್ಮವರು ಎಣಿಸುವುದು ಈ ಟಿ.ಎಂ.ಸಿ.ಗಳನ್ನೂ ಎಕರೆಗಳನ್ನೂ. ನಮ್ಮ ಅಭಿಪ್ರಾಯದಲ್ಲಿ ಅದರ ಜೀವವಿರುವುದು ಅನುಬಂಧವಾಗಿ ಸೇರಿಸಿದ ಕಟ್ಟಳೆಗಳಲ್ಲಿ. ಅವುಗಳಲ್ಲಿ ಮೊದಲನೆಯದೇ ಆಶ್ಚರ್ಯಕರವಾದುದು. ಕನ್ನಂಬಾಡಿಯಲ್ಲಿ ನೀರನ್ನು ಹಿಡಿಯಬೇಕೋ ಬಿಡಬೇಕೋ ಎಂಬುದನ್ನು ಕನ್ನಂಬಾಡಿಯಲ್ಲಿ ನಿಂತು ನಿರ್ಣಯಿಸುವಂತಿಲ್ಲ. ತಿರುಚ್ಚಿರಾಪಳ್ಳಿಯ ಬಳಿ ಕಾವೇರಿಯಿಂದ ಕೊಳ್ಳಿಡಂ ಕವಲೊಡೆಯುವ ಕಡೆಯಲ್ಲಿ ಸರ್ ಆರ್ಥರ್ ಕಾಟನ್ ೧೮೩೬ರಲ್ಲಿ ಕಟ್ಟಿಸಿದ ಮೇಲಣೆಕಟ್ಟು ಇರುವುದಷ್ಟೆ. ಅಲ್ಲಿಯ ಅಳತೆಗಲ್ಲಿನಲ್ಲಿ ಜೂನ್ ತಿಂಗಳಲ್ಲಿ ಆರೂವರೆ ಅಡಿ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ಏಳು ಅಡಿ ನೀರು ಹರಿಯುತ್ತಿದ್ದರೆ ಮಾತ್ರ ಕನ್ನಂಬಾಡಿಯ ತೂಬುಗಳನ್ನು ಇಳಿಸಿ ನೀರು ಹಿಡಿಯತೊಡಗಬಹುದು. ಹೀಗೆ ತಿಂಗಳು ತಿಂಗಳಿಗೂ ಒಂದು ಗೆರೆ. ಡಿಸೆಂಬರಿನಲ್ಲಿ ಮೂರೂವರೆಗೂ ಜನವರಿಯಲ್ಲಿ ಮೂರಕ್ಕೂ ಇಳಿಯುವುದು. ಗೆರೆ ಮುಟ್ಟದಿದ್ದರೆ, ಕೊಡಗಿನಿಂದ ಬಂದಷ್ಟೂ ನೀರು ಕಟ್ಟೆಯ ಹೊಟ್ಟೆಯಲ್ಲಿ ಹಾದು ಮುಂದೆ ಹೋಗತಕ್ಕದ್ದು.

ಇದರ ಪರಿಣಾಮವನ್ನು ವಾಚಕರು ಊಹಿಸಿ ನೋಡಬೇಕು. ಕನ್ನಂಬಾಡಿಗೂ ಮೇಲಣೆಕಟ್ಟಿಗೂ ನಡುವೆ ಕಬಿನಿ, ಶಿಂಷಾ, ಅರ್ಕಾವತಿ, ಭವಾನಿ, ನೊಯ್ಯಲ್, ಅಮರಾವತಿಗಳು ಬಂದು ಸೇರುತ್ತವೆ. ನೀಲಗಿರಿಯ ಮೇಲೆ ಮಳೆ ಸುರಿದು ಭವಾನಿಯು ತುಂಬಿ ಬಂದರೆ ಕೆಳಗಣ ಅಳತೆಗಲ್ಲು ಏರುವುದು. ಆಗ ಇಲ್ಲಿ ನೀರು ಹಿಡಿಯಲು ಅವಕಾಶವಾಗುವುದು. ಕೊಡಗಿನಲ್ಲಿ ಸಾಧಾರಣ ಮಳೆಯಿದ್ದು ಕೆಳಗಣ ಉಪನದಿಗಳು ಬಡವಾದರೆ, ಕಟ್ಟೆಯ ಎದುರಿಗೆ ಹೊಳೆ ಹರಿಯುತ್ತಿದ್ದರೂ ತೂಬನ್ನು ಮುಚ್ಚುವಂತಿಲ್ಲ. ಬಿಟ್ಟ ನೀರು ಅಷ್ಟು ದೂರ ತಲಪಲು ದಿನಗಳೇ ಬೇಕು. ಆದಕಾರಣ ತೂಬಿನ ಅಧಿಕಾರಿಯು ಇಂದಿನ ನೀರನ್ನು ನೋಡಿ ಅಲ್ಲ, ಮುಂದಿನ ವಾರದ ಅಳತೆಗಲ್ಲನ್ನು ಕಲ್ಪಿಸಿಕೊಂಡು ಕೆಲಸ ಮಾಡಬೇಕು. ಮಳೆಯನ್ನು ಮುಂದಾಗಿ ಹೇಳಬಲ್ಲ ಯಾವ ಸಾಧನವೂ ಇಲ್ಲದ ಆ ದಿನಗಳಲ್ಲಿ ಇದು ಜ್ಯೋತಿಷ್ಯಕ್ಕೂ ಗಣಿತಕ್ಕೂ ನಡುವಣ ವೃತ್ತಿಯೇ ಆಗಿದ್ದಿರಬೇಕು.

ಈ ಕಟ್ಟಳೆಯು ಅನ್ಯಾಯದ್ದೇ ಎಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಹಾಗೆ ಒಮ್ಮೆಗೇ ತಳ್ಳಿಹಾಕುವುದಕ್ಕೆ ನಮಗೆ ಮನಸ್ಸಿಲ್ಲ. ಅದರಲ್ಲಿ ಒಂದು ಗುಣವಿದ್ದಿತು: ಎರಡು ಕಡೆಯವರೂ ಕಣ್ಣಾರೆ ಓದಬಹುದಾದ ಕಲ್ಲಿನ ಮೇಲಿನ ಗೆರೆಯೇ ಸಾಕ್ಷಿ. ಇಂಥ ವರ್ಷ ಇಷ್ಟು ಬೆಳೆ, ಇಷ್ಟು ಕಷ್ಟ ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ಅದರ ದೋಷವೂ ಅದೇ ಗುಣದ ಮತ್ತೊಂದು ಮುಖ. ಗೆರೆಯು ಹರಿವನ್ನು ಅಳೆಯಿತು, ಅಭಾವವನ್ನು ಅಳೆಯಲಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯನ್ನು ಮೇಲಿನವರೂ ಕೆಳಗಿನವರೂ ಯಾವ ಪ್ರಮಾಣದಲ್ಲಿ ಹೊರಬೇಕೆಂಬುದನ್ನು ಬೇರೆಯಾಗಿ ಹೇಳಲಿಲ್ಲ. ಗೆರೆ ಮುಟ್ಟುವವರೆಗೆ ಮೊದಲಿನಿಂದ ಇದ್ದ ಬೆಳೆಗೆ ಪಾಲು; ಹೊಸ ಕಟ್ಟೆಗೆ ಉಳಿದುದು. ಹಳಬನಿಗೆ ಮೊದಲು ಬಡಿಸುವ ಪಂಕ್ತಿಯಲ್ಲಿ ಹಸಿವು ಯಾರಿಗೆ ಹೆಚ್ಚೆಂದು ಯಾರೂ ಕೇಳುವುದಿಲ್ಲ. ೧೯೩೪ರಲ್ಲಿ ಮೆಟ್ಟೂರಿನ ಕಟ್ಟೆಯು ಮುಗಿದ ಮೇಲೆ ಮತ್ತೊಂದು ತೊಡಕು ಸೇರಿತು. ಮಧ್ಯದಲ್ಲಿ ಅಂಥ ದೊಡ್ಡ ಜಲಾಶಯ ನಿಂತಾಗ ಕೆಳಗಣ ಅಳತೆಗಲ್ಲು ತೋರಿಸುವುದು ನದಿಯ ಸಹಜ ಪ್ರವಾಹವನ್ನಲ್ಲ, ಮೆಟ್ಟೂರಿನವರು ಬಿಟ್ಟಷ್ಟನ್ನು. ಇದ್ದಿದ್ದರೆ ಎಷ್ಟಿರುತ್ತಿತ್ತು ಎಂಬುದನ್ನು ಲೆಕ್ಕಹಾಕಿ ತೆಗೆಯಬೇಕಾಯಿತು. ಕಣ್ಣಿನ ಸಾಕ್ಷಿಯು ಹೀಗೆ ಕಾಗದದ ಸಾಕ್ಷಿಯಾಯಿತು.

ಒಡಂಬಡಿಕೆಗೆ ರುಜುವಾದ ಐದೇ ತಿಂಗಳಿಗೆ ಕಾವೇರಿಯು ತನ್ನ ಅಭಿಪ್ರಾಯವನ್ನು ತಿಳಿಸಿದಳು. ೧೯೨೪ರ ಜುಲೈ ತಿಂಗಳ ಪ್ರವಾಹವನ್ನು ಹಳಬರು ಬಹುಕಾಲ ನೆನೆಯುತ್ತಿದ್ದರು. ಪಶ್ಚಿಮಘಟ್ಟದ ಆಚೆಗೆ ಮಲಬಾರಿನಲ್ಲಿಯೂ ತಿರುವಾಂಕೂರಿನಲ್ಲಿಯೂ, ಈಚೆಗೆ ಕಾವೇರಿಯ ಉದ್ದಕ್ಕೂ ಅದು ಮಾಡಿದ ಹಾನಿ ಅಪಾರ. ಮೆಟ್ಟೂರಿನ ಯೋಜನಾಕರ್ತರು ಹೆಚ್ಚುವರಿ ನೀರಿನ ದಾರಿಯನ್ನು ಆ ಪ್ರವಾಹದ ಮೇಲೆ ಕಣ್ಣಿಟ್ಟೇ ಮತ್ತೆ ಗೊತ್ತುಮಾಡಬೇಕಾಯಿತು. ನೀರು ಸಾಲದೆಂಬ ಹೆದರಿಕೆಯಿಂದ ಹದಿನಾಲ್ಕು ವರ್ಷ ವಾದಿಸಿ ಬರೆದ ಕಟ್ಟಳೆಗಳಿಗೆ ನೀರು ಹೆಚ್ಚಾದ ವರ್ಷದ ಚಿಂತೆಯೇ ಅಷ್ಟಾಗಿ ಇರಲಿಲ್ಲ.

ಈ ಚಿಂತೆಯು ಈಗಲೂ ತೂಬಿನ ಅಧಿಕಾರಿಯನ್ನು ಬಿಟ್ಟಿಲ್ಲ. ಬೆಳೆಯ ದೃಷ್ಟಿಯಿಂದ ಕಟ್ಟೆಯು ಜುಲೈನಲ್ಲಿಯೇ ತುಂಬಬೇಕು. ಪ್ರವಾಹದ ದೃಷ್ಟಿಯಿಂದ ಜುಲೈನಲ್ಲಿ ಅದರಲ್ಲಿ ಬರಿದಾದ ಎಡೆಯಿರಬೇಕು. ತುಂಬಿದ ಪಾತ್ರೆಗೆ ಬಿದ್ದ ನೀರು ಬಿದ್ದಷ್ಟೂ ಹೊರಗೆ ಚೆಲ್ಲುವುದು. ಕಟ್ಟೆ ತುಂಬುವುದನ್ನು ಕಾಯ್ದು ಕುಳಿತು, ಆಮೇಲೆ ಕೊಡಗಿನಲ್ಲಿ ಮಳೆ ಹೆಚ್ಚಿತೆಂದು ಬಾಗಿಲುಗಳನ್ನೆಲ್ಲ ಒಟ್ಟಿಗೆ ಎತ್ತಿದರೆ, ಶ್ರೀರಂಗಪಟ್ಟಣದ ತೋಟಗಳೂ ರಂಗನತಿಟ್ಟಿನ ಹಕ್ಕಿಗಳ ಗೂಡುಗಳೂ ಕೊಳ್ಳೇಗಾಲದ ಕಡೆಯ ಹೊಳೆದಂಡೆಯ ಹಳ್ಳಿಗಳೂ ನೀರಿನಲ್ಲಿ ನಿಲ್ಲುತ್ತವೆ. ಮುಂದಾಗಿಯೇ ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಎಡೆಮಾಡಿಕೊಂಡು, ಮಳೆ ಅಲ್ಲಿಗೇ ನಿಂತುಹೋದರೆ, ಡಿಸೆಂಬರಿನಲ್ಲಿ ಆ ನೀರಿಗಾಗಿ ಅವನನ್ನು ಶಪಿಸುವವರಿಗೆ ಕೊರತೆಯಿಲ್ಲ. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕಾಗಿ ಮೊದಲು ಕಲ್ಪಿಸಿ, ಅನಂತರ ಕನ್ನಂಬಾಡಿಯಲ್ಲಿಯೂ ಇಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವೇ ತೆರೆದು, ಇಳಿದೊಡನೆ ತಾವೇ ಮುಚ್ಚುವಂಥವು. ಕೆರೆಯ ಕೋಡಿಯ ಜಾಣತನವನ್ನು ಕಬ್ಬಿಣಕ್ಕೆ ಕಲಿಸಿದಂತಾಯಿತು. ಆದರೆ ಆ ಬಾಗಿಲುಗಳಿಗೆ ಗೊತ್ತಿರುವುದು ಇಂದಿನ ಮಟ್ಟ ಮಾತ್ರ.

ಪತ್ರಿಕೆಯ ಅಂಕಿಗಳನ್ನು ಓದುವ ಮನೆಗಳಿಗೆ ಪ್ರಯೋಜನವಾದೀತೆಂದು ಇಲ್ಲಿ ಸ್ವಲ್ಪ ಲೆಕ್ಕವನ್ನು ಹೇಳುವೆವು. ಕಟ್ಟೆಯ ಮಟ್ಟವನ್ನು ಅಡಿಯಲ್ಲಿ ಹೇಳುವುದು ರೂಢಿ; ಆದರೆ ಅಡಿಗಳೆಲ್ಲವೂ ಸಮನಲ್ಲ. ಜಲಾಶಯವು ಬಟ್ಟಲಿನಂತೆ ಮೇಲೆ ಹೋದ ಹಾಗೆಲ್ಲ ಅಗಲವಾಗುತ್ತದೆ. ತುಂಬಿದಾಗ ಅದರ ಹರವು ಸುಮಾರು ೫೦ ಚದರ ಮೈಲಿ. ಆ ತುದಿಯ ಒಂದಡಿ ನೀರೆಂದರೆ ಸುಮಾರು ೧೩೦ ಕೋಟಿ ಘನ ಅಡಿಯಷ್ಟು. ಎಂಬತ್ತಡಿಯ ಆಸುಪಾಸಿನಲ್ಲಿ ಒಂದಡಿಗೆ ಅದರ ಅರ್ಧವೂ ಬಾರದು. ಆದುದರಿಂದ ೧೨೪.೮೦ ಅಡಿಯ ಕಟ್ಟೆಯಲ್ಲಿ ನೂರಡಿ ನೀರಿದೆಯೆಂದರೆ ಐದರಲ್ಲಿ ನಾಲ್ಕು ಪಾಲು ಇದೆಯೆಂದು ಸಂತೋಷಪಡುವುದು ತಪ್ಪು, ಒಟ್ಟು ೪೯.೪೫ ಟಿ.ಎಂ.ಸಿ.ಯಲ್ಲಿ ಆಗ ಇರುವುದು ಅರ್ಧಕ್ಕಿಂತ ಕಡಮೆ. ಇನ್ನು ಹೊರಹರಿವಿನ ವಿಷಯ. ೧೧,೫೭೪ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಆಗುವುದು. ೨೦೨೩ರ ಆಗಸ್ಟ್ ಕೊನೆಯಲ್ಲಿ ದಿನಕ್ಕೆ ೫,೦೦೦ ಕ್ಯೂಸೆಕ್‌ನಂತೆ ಹದಿನೈದು ದಿನ ಬಿಡಬೇಕೆಂದು ಆಜ್ಞೆಯಾದಾಗ ಬೀದಿಗಳಲ್ಲಿ ಕೂಗೆದ್ದಿತಷ್ಟೆ. ಗುಣಿಸಿ ನೋಡಿದರೆ ಅದು ೬.೪೮ ಟಿ.ಎಂ.ಸಿ. ತುಂಬಿದ ಕಟ್ಟೆಗೆ ಅದು ತುದಿಯ ಐದಡಿ. ಆ ವರ್ಷದ ಕಟ್ಟೆ ತುಂಬಿರಲಿಲ್ಲ. ಆದುದರಿಂದ ಅದು ಹೆಚ್ಚು ಅಡಿಗಳಾಗಿ ಕಂಡಿತು, ಹೆಚ್ಚು ದುಃಖವೂ ಆಯಿತು.

ನಾಲೆಯ ಕಡೆಗೆ ಬರೋಣ. ಕಟ್ಟೆಯ ಎಡದಂಡೆಯಿಂದ ಹೊರಟು, ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದ ಸುರಂಗದ ಮೂಲಕ ಶಿಂಷಾ ಕಣಿವೆಗೆ ಇಳಿಯುವ ನಾಲೆಗೆ ಮೊದಲು ವೈಸರಾಯ್ ಇರ್ವಿನ್ನರ ಹೆಸರು, ಆಮೇಲೆ ವಿಶ್ವೇಶ್ವರಯ್ಯನವರದು. ಆ ನೀರು ಹರಿದ ಮೇಲೆ ಮಂಡ್ಯವು ಮಂಡ್ಯವಾಯಿತು: ೧೯೩೩ರಲ್ಲಿ ಸಕ್ಕರೆಯ ಕಾರ್ಖಾನೆ, ೧೯೩೯ರಲ್ಲಿ ಪ್ರತ್ಯೇಕ ಜಿಲ್ಲೆ. ರಾಗಿ ಹುರುಳಿಗಳನ್ನು ಬೆಳೆಯುತ್ತಿದ್ದ ಒಕ್ಕಲಿಗೆ ವರ್ಷಕ್ಕೊಮ್ಮೆ ಕೈತುಂಬ ರೊಕ್ಕ ಬಂದುದು ಆಗ. ನೀರು ನಿಂತ ಕಡೆ ಚಳಿಜ್ವರವೂ ಬಂದಿತೆಂಬುದನ್ನು ಮರೆಯಬಾರದು. ನೀರನ್ನು ಹಂಚುವ ಕ್ರಮದಲ್ಲಿ ವಿಶ್ವೇಶ್ವರಯ್ಯನವರು ಬೊಂಬಾಯಿ ಪ್ರಾಂತ್ಯದ ನೀರಾ ನಾಲೆಯಲ್ಲಿ ತಾವು ಜಾರಿಗೆ ತಂದಿದ್ದ ತುಂಡು ಪದ್ಧತಿಯನ್ನೇ ಇಲ್ಲಿಗೂ ಯೋಚಿಸಿದರು. ಭೂಮಿಯನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಒಂದು ಪಾಲು ಬತ್ತ, ಒಂದು ಪಾಲು ಕಬ್ಬು, ಒಂದು ಪಾಲು ಕಡಮೆ ನೀರಿನ ಪೈರು ಎಂದು ಮೂರು ವರ್ಷಗಳಲ್ಲಿ ಸರದಿಯಾಗಿ ತಿರುಗಿಸತಕ್ಕದ್ದು. ನಾಲೆಯ ತಲೆಯಲ್ಲಿರುವವನು ತನ್ನ ಹೊಲವನ್ನೆಲ್ಲ ಕಬ್ಬಿಗೆ ಮುಳುಗಿಸಿ, ಬಾಲದಲ್ಲಿರುವವನು ಆಕಾಶ ನೋಡುವಂತಾಗಬಾರದೆಂಬುದು ಅದರ ಉದ್ದೇಶ. ನಿಜ ಹೇಳಬೇಕಾದರೆ ಆ ಶಿಸ್ತು ಸಡಿಲವಾಗಿ ಬಹುಕಾಲವಾಯಿತು. ಕಬ್ಬಿನ ರೊಕ್ಕದ ಮುಂದೆ ಸರದಿಯ ಕಾಗದ ನಿಲ್ಲಲಿಲ್ಲ. ಮಳವಳ್ಳಿ ಮದ್ದೂರುಗಳ ಕೊನೆಯ ಭಾಗದ ರೈತರನ್ನು ಕೇಳಿದರೆ ಗೊತ್ತಾಗುವುದು. ಕಾವೇರಿಯ ನ್ಯಾಯವನ್ನು ಕುರಿತು ರಾಜ್ಯ ರಾಜ್ಯಗಳ ನಡುವೆ ಮಾತನಾಡುವ ನಾವು, ಮೇಲಿನವನು ಕೆಳಗಿನವನಿಗೆ ಬಿಡಬೇಕಾದ ನೀರಿನ ಅದೇ ಪ್ರಶ್ನೆ ನಮ್ಮ ನಾಲೆಯ ಏರಿಯ ಮೇಲೆಯೂ ಉಂಟೆಂಬುದನ್ನು ಅಷ್ಟಾಗಿ ಮಾತಾಡುವುದಿಲ್ಲ. ನೀರು ಕಡಮೆಯಾದ ವರ್ಷಗಳಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯು ಬರುವುದು. ಆಗ ಹಳ್ಳಿಯ ನೀರಗಂಟಿಯ ಗುದ್ದಲಿಯು ನ್ಯಾಯಾಧೀಶರ ಲೇಖನಿಯಷ್ಟೇ ಬೆಲೆಯುಳ್ಳದ್ದಾಗುವುದು.

ಐವತ್ತು ವರ್ಷಗಳ ಅವಧಿ ೧೯೭೪ಕ್ಕೆ ತುಂಬಿತು. ಒಡಂಬಡಿಕ ತೀರಿತೆಂದು ಕರ್ನಾಟಕ, ತೀರಲಿಲ್ಲವೆಂದು ತಮಿಳುನಾಡು. ಹೊಳೆಯೂ ಹಿಂದಿನದಾಗಿ ಉಳಿಯಲಿಲ್ಲ. ಕಬಿನಿ, ಹೇಮಾವತಿ, ಹಾರಂಗಿಗಳ ಮೇಲೆ ಕಟ್ಟೆಗಳೆದ್ದು, ಕನ್ನಂಬಾಡಿಗೆ ಬರುವ ನೀರಿನಲ್ಲಿಯೂ ಒಂದು ಭಾಗವು ಮೇಲಿನ ತೂಬುಗಳ ಅಪ್ಪಣೆಯಿಂದ ಬರತಕ್ಕದ್ದಾಯಿತು. ೧೯೯೦ರ ಜೂನ್‌ನಲ್ಲಿ ನ್ಯಾಯಮಂಡಲಿಯು ಏರ್ಪಟ್ಟು, ೧೯೯೧ರ ಜೂನ್‌ನಲ್ಲಿ ವರ್ಷಕ್ಕೆ ೨೦೫ ಟಿ.ಎಂ.ಸಿ. ಮೆಟ್ಟೂರಿಗೆ ಸಲ್ಲಬೇಕೆಂದು ಮಧ್ಯಂತರ ಆಜ್ಞೆಯನ್ನು ಮಾಡಿತು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿಯೂ ಮೈಸೂರಿನ ಕಡೆಯಲ್ಲಿಯೂ ತಮಿಳು ಮಾತನಾಡುವ ಬಡ ಸಂಸಾರಗಳ ಮೇಲೆ ನಡೆದ ಹಾವಳಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುವುದು. ತೂಬಿನ ಚಕ್ರವನ್ನು ಅವರಾರೂ ತಿರುಗಿಸಿದವರಲ್ಲ. ೨೦೦೨ರ ಬರದಲ್ಲಿ, ನೀರು ಬಿಡಕೂಡದೆಂದು ನಡೆದ ಪ್ರತಿಭಟನೆಯ ನಡುವೆ, ರೈತನೊಬ್ಬನು ಕಬಿನಿಯ ಜಲಾಶಯಕ್ಕೆ ಹಾರಿ ಪ್ರಾಣಬಿಟ್ಟನು. ಅದೇ ಬರದಲ್ಲಿ ತಂಜಾವೂರಿನ ಸೀಮೆಯಲ್ಲಿ ಕುರುವೈ ಬೆಳೆಯ ನೀರಿಗಾಗಿ ಕಾದವರ ಮನೆಗಳಲ್ಲಿಯೂ ಕಣ್ಣೀರು ಕಡಮೆಯಾಗಿರಲಾರದು. ೧೯೨೪ರ ಕಟ್ಟಳೆಗಳು ಬರೆಯದೆ ಬಿಟ್ಟ ಅಭಾವದ ವರ್ಷವು ಹೀಗೆ ಎರಡು ಕಡೆಯ ಮನೆಗಳ ಬಾಗಿಲಿಗೂ ಬಂದು ನಿಂತಿತು.

೨೦೦೭ರ ಫೆಬ್ರುವರಿ ೫ರ ಅಂತಿಮ ತೀರ್ಪು ತಮಿಳುನಾಡಿಗೆ ೪೧೯, ಕರ್ನಾಟಕಕ್ಕೆ ೨೭೦, ಕೇರಳಕ್ಕೆ ೩೦, ಪುದುಚೇರಿಗೆ ೭ ಟಿ.ಎಂ.ಸಿ. ಎಂದು ಹಂಚಿ, ನೀರು ಕಡಮೆಯಾದ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ತಗ್ಗಬೇಕೆಂದು ಹೇಳಿತು. ಎಂಬತ್ತಮೂರು ವರ್ಷ ಕಾದ ವಾಕ್ಯವದು. ೨೦೧೮ರ ಫೆಬ್ರುವರಿ ೧೬ರಂದು ಸುಪ್ರೀಂ ಕೋರ್ಟು, ಹಳೆಯ ಒಡಂಬಡಿಕೆಯು ೧೯೭೪ರಲ್ಲಿಯೇ ತೀರಿತೆಂದು ಹೇಳಿ, ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕಾದ ನೀರನ್ನು ೧೯೨ರಿಂದ ೧೭೭.೨೫ ಟಿ.ಎಂ.ಸಿ.ಗೆ ಇಳಿಸಿತು, ಇಳಿದ ಭಾಗದಲ್ಲಿ ೪.೭೫ ಬೆಂಗಳೂರಿನ ಕುಡಿಯುವ ನೀರಿಗೆಂದು ಸಂದಿತು. ಅದೇ ವರ್ಷ ಜೂನ್‌ನಲ್ಲಿ ನಿರ್ವಹಣೆಗೆಂದು ಪ್ರಾಧಿಕಾರವೂ ಏರ್ಪಟ್ಟಿತು. ಮೇಲಣೆಕಟ್ಟಿನ ಅಳತೆಗಲ್ಲಿನ ಸ್ಥಾನವನ್ನು ಈಗ ಗಡಿಯ ಬಿಳಿಗುಂಡ್ಲು ಪಡೆದಿದೆ; ಅಡಿಗಳ ಬದಲು ತಿಂಗಳಿಗಿಷ್ಟೆಂಬ ಪಟ್ಟಿ: ಜೂನ್ ೯.೧೯, ಜುಲೈ ೩೧.೨೪, ಆಗಸ್ಟ್ ೪೫.೯೫, ಸೆಪ್ಟೆಂಬರ್ ೩೬.೭೬, ಹೀಗೆ ಇಳಿದು ಫೆಬ್ರುವರಿಯಿಂದ ಮೇ ವರೆಗೆ ತಿಂಗಳಿಗೆ ಎರಡೂವರೆ. ಪ್ರಮಾಣದಲ್ಲಿ ತಗ್ಗಬೇಕೆಂಬ ಮಾತಿದ್ದರೂ, ತಗ್ಗಿಸುವುದು ಯಾವ ದಿನದಿಂದ, ಸೆಪ್ಟೆಂಬರಿನ ಮಳೆಯನ್ನು ನಂಬಿ ಆಗಸ್ಟಿನಲ್ಲಿ ಎಷ್ಟು ಬಿಡಬಹುದು ಎಂಬುದು ಮಾತ್ರ ೧೯೨೧ರಲ್ಲಿದ್ದಂತೆಯೇ ಊಹೆಯ ವಿಷಯವಾಗಿ ಉಳಿದಿದೆ. ೨೦೨೩ರ ಜಗಳವೆಲ್ಲವೂ ಆ ಊಹೆಯದೇ.

ಯಾರಿಗಾಗಿ ಈ ಕಟ್ಟೆಯ ಮೊದಲ ಕಲ್ಲನ್ನು ಅವಸರದಿಂದ ಇಟ್ಟರೋ ಆ ಕೋಲಾರದ ಗಣಿಯು ೨೦೦೧ರಲ್ಲಿ ಮುಚ್ಚಿಹೋಯಿತು. ೧೯೧೧ರಲ್ಲಿ ಈ ನೀರಿನ ಮೇಲೆ ಯಾವ ಹಕ್ಕನ್ನೂ ಕೇಳದಿದ್ದ ಬೆಂಗಳೂರು, ೧೯೭೪ರಿಂದ ತೊರೆಕಾಡನಹಳ್ಳಿಯ ಯಂತ್ರಗಳ ಮೂಲಕ ಕಾವೇರಿಯನ್ನು ಬೆಟ್ಟ ಹತ್ತಿಸಿಕೊಂಡು, ಈಗ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಕುಳಿತಿದೆ. ಬೇಸಗೆಯಲ್ಲಿ ಕಟ್ಟೆಯ ತಳದ ನೀರನ್ನು ಬಿಡುವಾಗ ಗದ್ದೆಗಿಂತ ಮೊದಲು ನಗರದ ಲೆಕ್ಕವನ್ನು ಕೂಡಿಸಬೇಕಾಗಿದೆ.

೨೦೨೫ರಲ್ಲಿ ಮಳೆಯು ಮುಂಚೆಯೇ ಬಂದು, ಜೂನ್ ತಿಂಗಳು ಮುಗಿಯುವುದರೊಳಗಾಗಿಯೇ ಕಟ್ಟೆ ತುಂಬಿ, ಬಾಗಿನವನ್ನೂ ಆ ತಿಂಗಳಲ್ಲಿಯೇ ಅರ್ಪಿಸಿದರು. ಮೆಟ್ಟೂರೂ ಅದೇ ದಿನಗಳಲ್ಲಿ ತುಂಬಿತು. ಆ ತಿಂಗಳು ಬಿಳಿಗುಂಡ್ಲುವನ್ನು ದಾಟಿದ ನೀರು ಪಟ್ಟಿಯ ೯.೧೯ನ್ನು ಎಷ್ಟೋ ಮೀರಿದ್ದಿತು. ಮುಂಗಾರು ಇನ್ನೂ ಮೂರು ತಿಂಗಳು ಉಳಿದಿರುವಾಗ ಬತ್ತದ ಒಟ್ಟಲು ಬಿಡುವುದಕ್ಕೆ ಮೊದಲೇ ತುಂಬಿ ನಿಂತ ಆ ಕಟ್ಟೆಯ ಮೇಲೆ, ಬಾಗಿಲುಗಳಲ್ಲಿ ಯಾವುದನ್ನು ಎಷ್ಟು ಎತ್ತಬೇಕೆಂದು ಎಂಜಿನಿಯರರು ಕೊಡಗಿನ ಮಳೆಯ ವರದಿಯನ್ನು ಕಾಯುತ್ತಿದ್ದರು.